ಎಪ್ಪತ್ತೊಂದನೇ ಲೆವೆಲ್ಲಿನ ಲಕ್ಕಮ್ಮ

ಪೊಲೀಸ್ ತರಬೇತಿ ಶಾಲೆ
16 ಜೂನ್ 2024

ಅಮ್ಮ,

ಬಂದು ಒಂದು ವಾರ ಆಯ್ತು. ಊಟ ಪರವಾಗಿಲ್ಲ. ಹೊಸ ಬೂಟು ಕಚ್ಚಿ ಎರಡೂ ಹಿಮ್ಮಡೀಲಿ ಬೊಬ್ಬೆ ಎದ್ದಿವೆ. ಭಾನುವಾರ ಆಫೀಸಿನ ಫೋನಲ್ಲಿ ಐದು ನಿಮಿಷ ಮಾತಾಡೋಕೆ ಬಿಡ್ತಾರೆ, ಆದರೆ ಹಿಂದೆ ನಲವತ್ತು ಜನ ಕ್ಯೂ ನಿಂತಿರ್ತಾರೆ, ಪಕ್ಕದಲ್ಲೇ ಮೇಡಂ ಕೂತಿರ್ತಾರೆ. ಈಗ ಬರೆಯೋದನ್ನ ಅಲ್ಲಿ ಹೇಳೋಕಾಗಲ್ಲ. ಮನೇಲಿದ್ದಾಗಲೂ ಹೇಳೋಕಾಗಲಿಲ್ಲ. ಅದಕ್ಕೇ ಕಾಗದ.

ಇಲ್ಲಿ ಫೋನ್ ಒಳಗೆ ಬಿಡಲ್ಲ. ನನ್ನ ಫೋನು ಬೀರುವಿನಲ್ಲಿ, ನನ್ನ ಬಟ್ಟೆ ಕೆಳಗಿದೆ. ಅದರಲ್ಲಿ 'ಸೆವೆನ್ ಗೇಟ್ಸ್' ಅಂತ ಒಂದು ಆಟ ಇದೆ. ಯಾವುದು ಅಂತ ನಿನಗೆ ಗೊತ್ತು. ಅದೇ. ಬೈಬೇಡ, ಪೂರ್ತಿ ಓದು.

ಬೇರೆ ಬೇರೆ ಊರಿನವರು ಅವರವರ ಮನೇಲಿ ಕೂತು ಒಟ್ಟಿಗೆ ಆಡೋ ಆಟ ಅದು. ದೊಡ್ಡದೊಂದು ಲೋಕ, ಏಳು ಬಾಗಿಲು, ಒಂದೊಂದು ಬಾಗಿಲಿಗೂ ಒಬ್ಬ ರಾಕ್ಷಸನ ಕಾವಲು. ಎಂಟು ಜನ ಸೇರಿ ಅವನನ್ನ ಹೊಡೀಬೇಕು. ಒಬ್ಬೊಬ್ಬರಿಗೂ ಒಂದು ಪಾತ್ರ ಇರುತ್ತೆ. ನನ್ನ ಪಾತ್ರದ ಹೆಸರು ಲಕ್ಕಮ್ಮ. ಎಪ್ಪತ್ತೊಂದನೇ ಲೆವೆಲ್. ಲಾಕ್‌ಡೌನ್ ಶುರುವಾದಾಗಿಂದ ನಾಲ್ಕು ವರ್ಷ ಬೆಳೆಸಿದೀನಿ. ನಮ್ಮ ಗುಂಪಿಗೆ ಗಿಲ್ಡ್ ಅಂತಾರೆ. ಹದಿನೈದು ದಿನ ಯಾರು ಬರಲ್ಲವೋ ಅವರನ್ನ ಆಟವೇ ಗಿಲ್ಡಿನಿಂದ ತೆಗೆದುಹಾಕುತ್ತೆ. ನಾನಿಲ್ಲಿ ಒಂಬತ್ತು ತಿಂಗಳು ಇರಬೇಕು.

ನೀನು ಮಾಡಬೇಕಾಗಿರೋದು ಇಷ್ಟೇ. ಫೋನ್ ತೆಗೆಯೋಕೆ ಅಪ್ಪ ಹುಟ್ಟಿದ ತಾರೀಕು ಒತ್ತು. ಆಟದೊಳಗೆ ಹೋದರೆ ಎದುರಿಗೇ ಒಂದು ಬಾವಿ ಕಾಣುತ್ತೆ. ಒಂದು ಸಲ ನೀರು ಸೇದು, ಆಚೆ ಬಾ. ಮೂರು ನಿಮಿಷದ ಕೆಲಸ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಬೇಡ. ಮೊದಲನೇ ಸಲ ಇಪ್ಪತ್ತೆರಡನೇ ತಾರೀಕಿನೊಳಗೆ ಹೋಗು, ಆಮೇಲೆ ಹದಿನೈದು ದಿನದೊಳಗೆ ಒಂದೊಂದು ಸಲ ಹೋದರೆ ಸಾಕು.

ಬೇರೆ ಯಾರನ್ನೂ ಕೇಳೋಕಾಗಲಿಲ್ಲ.

ರಕ್ಷಾ


ದೊಡ್ಡೇರಿ
27-6-2024

ರಕ್ಷಾ,

ನಿನ್ನ ಕಾಗದ ಇಪ್ಪತ್ತೊಂದನೇ ತಾರೀಕು ಬಂತು. ಓದಿ ಒಲೆಗೆ ಹಾಕೋಣ ಅನ್ನಿಸ್ತು. ಹಾಕ್ಲಿಲ್ಲ.

ಮೂರು ವರ್ಷದ ಹಿಂದೆ ಇದೇ ಆಟಕ್ಕೆ ನಿನ್ನ ಫೋನನ್ನ ಬಟ್ಟೆ ಒಗೆಯೋ ಕಲ್ಲಿಗೆ ಬಡಿದವಳು ನಾನು. ಈಗ ನನ್ನ ಕೈಗೇ ಕೊಟ್ಟಿದೀಯ. ಆ ಮಾತು ಈಗ ಬೇಡ ಬುಡು.

ಮಾರನೇ ದಿನ ಸ್ಕೂಲಲ್ಲಿ ಮಕ್ಕಳ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಜಗಲಿ ಮೇಲೆ ಕೂತೆ. ಮನೇಲಿ ನೆಟ್‌ವರ್ಕ್ ನಿಲ್ಲಲ್ಲ, ಸ್ಕೂಲಿನ ಜಗಲೀಲಿ ಚೆನ್ನಾಗಿ ಸಿಕ್ಕುತ್ತೆ. ಆಟ ತೆಗೆದರೆ ನಿಮ್ಮಜ್ಜಿ ಹೆಸರು! ನಮ್ಮತ್ತೆ ಲಕ್ಕಮ್ಮ ಇದ್ದಷ್ಟು ದಿನ ತಲೆ ಮೇಲಿನ ಸೆರಗು ಜಾರಿಸಿದವರಲ್ಲ. ನೀನು ನೋಡಿದರೆ ತಲೆಗೆ ಎರಡು ಕೋಡು, ಕೈಗೊಂದು ದೊಣ್ಣೆ, ಹೊಟ್ಟೆ ಮೇಲೆ ಬಟ್ಟೆ ಇಲ್ಲ. ಆಯಮ್ಮ ನೋಡಿದ್ದರೆ ಆ ದೊಣ್ಣೇಲೇ ನಿನಗೆ ನಾಲ್ಕು ಬಿಡ್ತಿದ್ದರು.

ಎದುರಿಗೇ ಬಾವಿ ಅಂತ ಬರೆದಿದೀಯ. ಯಾವ ಎದುರಿಗೆ? ನಾನು ಬೆರಳು ಇಟ್ಟರೆ ಲಕ್ಕಮ್ಮ ಓಡ್ತಾಳೆ, ತೆಗೆದರೆ ನಿಲ್ಲಲ್ಲ. ಒಂದು ಸೇತುವೆಯಿಂದ ಬಿದ್ದು ಸತ್ತಳು. ಎದ್ದಳು. ಅದೇ ಸೇತುವೆಯಿಂದ ಇನ್ನೊಂದು ಸಲ ಬಿದ್ದಳು. ಜೊತೆಗೆ ಅಡುಗೆ ಮಾಡೋ ಸಿದ್ದಗಂಗಮ್ಮ ಬಂದು ಬಗ್ಗಿ ನೋಡಿ, "ಏನ್ ಲಕ್ಷ್ಮೀದೇವಿ, ಯಾರಿಗೆ ಬಯ್ತಾ ಇದೀಯ?" ಅಂದಳು. "ನಮ್ಮತ್ತೆಗೆ" ಅಂದೆ.

ಮೂರು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಹಿಡೀತು. ನೀರು ಮಾತ್ರ ಸೇದಿದೆ.

ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚು. ಒಡೆಯಬೇಡ.

ಅಮ್ಮ


ತರಬೇತಿ ಶಾಲೆ
14 ಜುಲೈ 2024

ಅಮ್ಮ,

ನಿನ್ನ ಕಾಗದ ಓದಿ ಎಷ್ಟೋ ದಿನದ ಮೇಲೆ ನಕ್ಕೆ. ಪಕ್ಕದ ಮಂಚದವಳು ಏನು ಅಂತ ಕೇಳಿದಳು, ಹೇಳಲಿಲ್ಲ.

ಲಕ್ಕಮ್ಮನ ಕೈಲಿರೋದು ದೊಣ್ಣೆ ಅಲ್ಲ, ವೈದ್ಯದ ಕೋಲು. ಅವಳು ಹೀಲರ್. ಹೊಡೆಯೋದು ಅವಳ ಕೆಲಸ ಅಲ್ಲ. ಜೊತೆಯವರ ತಲೆ ಮೇಲೆ ಒಂದು ಹಸಿರು ಗೆರೆ ಇರುತ್ತೆ, ಅದು ಅವರ ಜೀವ. ಏಟು ಬಿದ್ದ ಹಾಗೆ ಗೆರೆ ಸಣ್ಣದಾಗುತ್ತೆ. ಹಸಿರು ಗುಂಡಿ ಒತ್ತಿದರೆ ಲಕ್ಕಮ್ಮ ತುಂಬಿಸ್ತಾಳೆ. ಇದು ನಿನಗೆ ಬೇಕಾಗಲ್ಲ, ಸುಮ್ಮನೆ ಬರೆದೆ. ನೀನು ಬಾವಿ ಬಿಟ್ಟು ಎಲ್ಲೂ ಹೋಗಬೇಡ.

ಇಲ್ಲಿ ಆರಡಿ ಗೋಡೆ ಒಂದಿದೆ. ಓಡಿ ಬಂದು ಕೈ ಕೊಟ್ಟು ಹತ್ತಿ ಆಚೆ ಹಾರಬೇಕು. ನನಗೆ ಆಗ್ತಿಲ್ಲ. ಎದೆ ಮಟ್ಟಕ್ಕೆ ಹೋಗಿ ಜಾರ್ತೀನಿ. ಡ್ರಿಲ್ ಮೇಡಂ ಎಲ್ಲರ ಮುಂದೆ, "ದೊಡ್ಡೇರಿ, ನಿಂಗೆ ಏಣಿ ತರಿಸಲಾ?" ಅಂತಾರೆ. ಹೋದ ವಾರ ಒಬ್ಬಳು ಬ್ಯಾಗ್ ಕಟ್ಟಿಕೊಂಡು ಊರಿಗೆ ಹೋದಳು. ಅವಳು ಗೇಟು ದಾಟೋದನ್ನ ನೋಡ್ತಾ ನಿಂತಿದ್ದೆ. ನನಗೂ ಹೋಗಿಬಿಡೋಣ ಅನ್ನಿಸ್ತಿದೆ ಅಮ್ಮ.

ರಕ್ಷಾ


ದೊಡ್ಡೇರಿ
11-8-2024

ರಕ್ಷಾ,

ತಡ ಆಯ್ತು. ಕಾರಣ ಹೇಳ್ತೀನಿ, ಸಿಟ್ಟಾಗಬೇಡ.

ಒಂದು ತಿಂಗಳು ನೀನು ಹೇಳಿದ ಹಂಗೇ ನೀರು ಸೇದಿ ಆಚೆ ಬಂದೆ. ಒಂದು ದಿನ ಬಾವಿ ಕಟ್ಟೆ ಹತ್ರ ಯಾರೋ ಹೊಸಬ ಬಿದ್ದಿದ್ದ. ತೋಳ ಕಚ್ಚಿತ್ತು. ತಲೆ ಮೇಲಿನ ಗೆರೆ ನೂಲಿನಷ್ಟು ಉಳಿದಿತ್ತು. ನೋಡ್ಕೊಂಡು ಹೆಂಗೆ ಬರೋದು? ಹಸಿರು ಗುಂಡಿ ಒತ್ತಿದೆ. ಎದ್ದು ನಿಂತು ನನಗೆ ಬಗ್ಗಿ ನಮಸ್ಕಾರ ಮಾಡಿ ಓಡಿಹೋದ. ಯಾವೂರಿನವನೋ, ಯಾರ ಮಗನೋ. ಅವತ್ತೆಲ್ಲ ನನಗೆ ಅದೇ ಜ್ಞಾನ. ನಿಮ್ಮಪ್ಪ ಹೋದ ಮೇಲೆ ನನಗೆ ಯಾರೂ ಹಂಗೆ ನಮಸ್ಕಾರ ಮಾಡಿರಲಿಲ್ಲ ಕಣೆ. ನೂರ ನಲವತ್ತು ಮಕ್ಕಳಿಗೆ ಬಡಿಸ್ತೀನಿ, ತಟ್ಟೆ ಹಿಡಿದು ಸಾರು ಅಂತಾರೆ, ಹೋಗ್ತಾರೆ.

ಆಮೇಲೆ ನಿಮ್ಮ ಗಿಲ್ಡಿನ ಯಜಮಾನ, ಕೊರಟಗೆರೆಯ ಬಸವೇಶ್, ಮೂರನೇ ಬಾಗಿಲಿಗೆ ಜನ ಸಾಲದು ಬಾ ಅಂತ ಬರೆದ. ನೀನೇ ಅಂದುಕೊಂಡಿದ್ದ. ಹೋದೆ. ನಾನು ಗುಂಡಿ ಹುಡುಕೋದರಲ್ಲಿ ಎಂಟು ಜನವೂ ಸತ್ತರು. ಒಬ್ಬ ಇಂಗ್ಲೀಷಲ್ಲಿ ಏನೋ ಬರೆದ. ಅಕ್ಷರ ಅಕ್ಷರ ಚೀಟಿ ಮೇಲೆ ಬರ್ಕೊಂಡು ನಮ್ಮ ಪರ್ವತಯ್ಯ ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ ಕಿವಿಯವರೆಗೂ ಕೆಂಪಾಗಿ, "ಇದು ಒಳ್ಳೇ ಮಾತಲ್ಲ ಲಕ್ಷ್ಮೀದೇವಮ್ಮ, ಹರಿದಾಕಿ" ಅಂದರು. ಇಂಥಾ ಮಾತು ಕೇಳಿಸ್ಕೊಂಡು ನಾಲ್ಕು ವರ್ಷ ಹೆಂಗೆ ಆಡಿದೆ ನೀನು?

ಸಿಟ್ಟು ಬಂತು. ಬಿಟ್ಟುಬಿಡೋಣ ಅಂದುಕೊಂಡೆ. ಮಾರನೇ ದಿನ ಬಡಿಸ್ತಾ ಇರೋವಾಗ ಹೊಳೀತು. ನಾನು ರಾಕ್ಷಸನ್ನ ನೋಡ್ತಾ ಕೂತಿದ್ದೆ, ಅದೇ ತಪ್ಪು. ಪಂಕ್ತೀಲಿ ಬಡಿಸೋಳು ಬಾಗಿಲ ಕಡೆ ನೋಡ್ತಾಳಾ? ತಟ್ಟೆ ನೋಡಬೇಕು. ಯಾರದು ಖಾಲಿ ಆಯ್ತು, ಯಾರು ಬೇಗ ಉಣ್ತಾರೆ, ಯಾರು ನಾಚಿಕೆಗೆ ಕೇಳಲ್ಲ. ಮುಂದೆ ನಿಂತು ಏಟು ತಿನ್ನೋ ಬಸವೇಶನಿಗೆ ಕೇಳೋ ಮೊದಲೇ ಹಾಕಬೇಕು. ಹಿಂದೆ ನಿಂತು ಬಾಣ ಬಿಡೋ ಹುಡುಗಿಗೆ ಆಗಾಗ ಒಂದು ಸೌಟು ಸಾಕು. ಇಷ್ಟು ತಿಳಿದ ಮೇಲೆ ಬೆರಳು ತಾನೇ ಹೋಯ್ತು.

ಬಿಟ್ಟು ಬರ್ತೀನಿ ಅಂತ ಬರೆದಿದೀಯ. ಬಾ ಅನ್ನಲ್ಲ, ಬರಬೇಡ ಅನ್ನಲ್ಲ. ಆ ಮೂರನೇ ಬಾಗಿಲಲ್ಲಿ ನಾನು ಹನ್ನೊಂದು ಸಲ ಸತ್ತೆ. ಹನ್ನೆರಡನೇ ಸಲಕ್ಕೆ ಬಾಗಿಲು ತೆಗೀತು.

ಅಮ್ಮ


ತರಬೇತಿ ಶಾಲೆ
1 ಸೆಪ್ಟೆಂಬರ್ 2024

ಅಮ್ಮ,

ನೀನು ಬಾಗಿಲಿಗೆ ಹೋಗಿದ್ದು ಕೇಳಿ ಜೀವ ಝಲ್ ಅಂತು. ಒಬ್ಬರ ಪಾತ್ರವನ್ನ ಇನ್ನೊಬ್ಬರು ಆಡಬಾರದು ಅಂತ ಆಟದ ನಿಯಮ ಇದೆ. ಗೊತ್ತಾದರೆ ಲಕ್ಕಮ್ಮನಿಗೆ ಬೀಗ ಹಾಕ್ತಾರೆ. ಮೊದಲೇ ಹೇಳಬೇಕಿತ್ತು, ನೀನು ಬಾವಿ ದಾಟ್ತೀಯ ಅಂತ ನನಗೇನು ಗೊತ್ತು?

ಆಡು. ಬೇಡ ಅನ್ನಲ್ಲ. ಆದರೆ ಒಂದು ಮಾತು ನಡೆಸಿಕೊಡು: ಮೈಕ್ ಗುರುತು ಮಾತ್ರ ಒತ್ತಬೇಡ. ಯಾವ ಕಾರಣಕ್ಕೂ ನಿನ್ನ ದನಿ ಆಚೆ ಹೋಗಬಾರದು.

ನಾನಿನ್ನೂ ಇಲ್ಲೇ ಇದೀನಿ. ಗೋಡೆ ಹತ್ತೋಕೆ ಆಗಿಲ್ಲ.

ರಕ್ಷಾ


ದೊಡ್ಡೇರಿ
24-9-2024

ರಕ್ಷಾ,

ಈ ಕಾಗದ ಮೂರು ಸಲ ಬರೆದು ಹರಿದೆ. ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. ಲಕ್ಕಮ್ಮನಿಗೆ ಬೀಗ ಬಿತ್ತು. ನನ್ನಿಂದಲೇ.

ಭಾನುವಾರ ಸಾಯಂಕಾಲ ಐದಕ್ಕೆ ಆರನೇ ಬಾಗಿಲಿಗೆ ಹೋದೆವು. ಎರಡು ವರ್ಷದಿಂದ ನಿಮ್ಮ ಗಿಲ್ಡಿಗೆ ಆ ಬಾಗಿಲು ಬಗ್ಗಿಲ್ಲವಂತೆ. ಯಾರು ಎಲ್ಲಿ ನಿಲ್ಲಬೇಕು ಅಂತ ಬಸವೇಶ್ ಮೈಕಲ್ಲಿ ಹೇಳ್ತಾ ಇದ್ದ, ನಾವು ಕೇಳ್ತಾ ಇದ್ದೆವು. ರಾಕ್ಷಸನ ಜೀವ ಅರ್ಧ ಇಳಿದಾಗ ಕೊರಟಗೆರೇಲಿ ಕರೆಂಟ್ ಹೋಯ್ತು. ವೈಫೈ ಸತ್ತು ಅವನ ದನಿ ನಿಂತುಹೋಯ್ತು. ಅವನ ಪಾತ್ರ ಮುಂದೆ ಗೊಂಬೆ ಹಂಗೆ ನಿಂತು ಏಟು ತಿಂತಾ ಇದೆ. ಹಿಂದಿನವರು ದಿಕ್ಕು ತೋಚದೆ ಅತ್ತಿತ್ತ ಓಡ್ತಾರೆ. ಎಲ್ಲರ ಗೆರೆಯೂ ಕಾಣ್ತಿದ್ದಿದ್ದು ನನಗೊಬ್ಬಳಿಗೇ. ನಾನು ಸುಮ್ಮನಿದ್ದರೆ ಏಳೂ ಜನ ಸಾಯ್ತಾರೆ.

ನಿನಗೆ ಮಾತು ಕೊಟ್ಟಿದ್ದೆ. ನೆನಪಿತ್ತು. ಒತ್ತಿದೆ.

"ಏ ಎಡಗಡೆ ನಿಂತಿರೋನೇ, ಹಿಂದಕ್ಕೆ ಬಾರಪ್ಪ! ಬಾಣದ ಹುಡುಗಿ, ಓಡಬೇಡ ಕಣಮ್ಮ, ಕಂಬದ ಹಿಂದೆ ನಿಂತ್ಕೋ, ನಾನು ನೋಡ್ಕೋತೀನಿ!" ಅಂತ ಕೂಗಿದೆ. ಮಕ್ಕಳ ಗಲಾಟೆಗೆ ಕೂಗಿ ಕೂಗಿ ಪಳಗಿದ ಗಂಟಲು. ಎಲ್ಲರೂ ಹೇಳಿದ ಕಡೆ ನಿಂತರು. ಬಸವೇಶ್ ಮೊಬೈಲ್ ಡೇಟಾ ಹಾಕ್ಕೊಂಡು ವಾಪಸ್ ಬರೋ ಹೊತ್ತಿಗೆ ರಾಕ್ಷಸ ಮಂಡಿ ಊರಿದ್ದ. ಇನ್ನು ನಾಲ್ಕು ಏಟಿಗೆ ಬಾಗಿಲು ತೆಗೀತು.

ಆಮೇಲೆ ಬಸವೇಶ್ ಕೇಳಿದ, "ಇದು ಯಾರು ಮಾತಾಡಿದ್ದು?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ನಾನು ರಕ್ಷಾ ಅಲ್ಲಪ್ಪ, ಅವಳ ತಾಯಿ, ಸ್ಕೂಲಲ್ಲಿ ಅಡುಗೆ ಮಾಡೋಳು. ಅವಳು ಟ್ರೈನಿಂಗಲ್ಲಿದಾಳೆ" ಅಂದೆ. ಬಾಣದ ಹುಡುಗಿ ಪಾವಗಡದ ಭುವನಾ, ಸೋಲಾರ್ ಪಾರ್ಕಲ್ಲಿ ಕೆಲಸ ಅಂತೆ, ಗಾಬರೀಲಿ ತೆಲುಗಲ್ಲೇ ಕೇಳಿದಳು, "ಮೀರು ರಕ್ಷಾ ವಾಳ್ಳಮ್ಮಾ?" ಅಂತ, ನೀವು ರಕ್ಷಾ ಅಮ್ಮನಾ ಅಂತ. "ಔನಮ್ಮಾ" ಅಂದೆ. ನಾಗಲಮಡಿಕೆ ತವರಿನವಳಿಗೆ ಅಷ್ಟು ತೆಲುಗು ಬರದೇ ಇರುತ್ತಾ. ಎಲ್ಲರೂ ನಗೋಕೆ ಶುರು ಮಾಡಿದರು, ಒಳ್ಳೇ ನಗು.

ಆಮೇಲೆ ಪೆಟ್ಟಿಗೆ ತೆಗೀತು. ಬೆಳ್ಳಿ ಕೋಲು ಅಂತ ಒಂದು ಬಹುಮಾನ, ಚೀಟಿ ಎತ್ತಿದಂಗೆ ಯಾರಿಗಾದರೂ ಒಬ್ಬರಿಗೆ ಬರೋದು. ಲಕ್ಕಮ್ಮನಿಗೆ ಬಂತು. ಬ್ಲ್ಯಾಕ್ ಟೈಗರ್ ಅಂತ ಹೆಸರು ಇಟ್ಕೊಂಡಿದಾನಲ್ಲ, ಎರಡು ವರ್ಷದಿಂದ ಅದಕ್ಕೇ ಕಾದಿದ್ದನಂತೆ. "ಅಡುಗೆ ಆಂಟಿಗೆ ಬೆಳ್ಳಿ ಕೋಲು ಯಾಕೆ, ಮುದ್ದೆ ತೊಳಸೋಕಾ?" ಅಂದ. "ಮುದ್ದೆ ತೊಳಸೋಕೂ ಬರಬೇಕಪ್ಪ. ನಿನಗೆ ಬೇಕಿದ್ದರೆ ತಗೋ" ಅಂದೆ. ಕೊಡೋಕೆ ಆಟ ಬಿಡಲ್ಲವಂತೆ. ಅವನು ಗಿಲ್ಡ್ ಬಿಟ್ಟು ಹೋದ. ಹೋಗಿ ನನ್ನ ದನಿ ಸಮೇತ ಕಂಪನಿಗೆ ದೂರು ಕೊಟ್ಟ. ಇವತ್ತು ಬೆಳಿಗ್ಗೆ ತೆಗೆದರೆ ಕೆಂಪು ಅಕ್ಷರ. ಪರ್ವತಯ್ಯ ಮೇಷ್ಟ್ರು ಓದಿ ಹೇಳಿದರು: ಈ ಖಾತೆಯನ್ನ ಶಾಶ್ವತವಾಗಿ ಮುಚ್ಚಲಾಗಿದೆ.

ಇನ್ನೊಂದು ವಿಷಯ ಬರೀಲೇಬೇಕು. ಸುದ್ದಿ ಕೇಳಿ ಭುವನಾ ನಿನ್ನ ನಂಬರಿಗೆ ಫೋನ್ ಮಾಡಿದಳು. "ರಕ್ಷಾಗೆ ಆ ಪಾತ್ರ ಅಂದರೆ ಏನು ಅಂತ ನಿಮಗೆ ಗೊತ್ತಾ?" ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಹೇಳಿದಳು.

ಇಪ್ಪತ್ತೊಂದರ ಮೇ ತಿಂಗಳು. ನಿಮ್ಮಪ್ಪನ ಹನ್ನೊಂದನೇ ದಿನ. ಲಾಕ್‌ಡೌನಲ್ಲಿ ನಾಗಲಮಡಿಕೆಯಿಂದ ನನ್ನ ಸ್ವಂತ ಅಣ್ಣನೂ ಬರೋಕಾಗಲಿಲ್ಲ. ಮನೇಲಿ ನೀನು, ನಾನು ಇಬ್ಬರೇ. ನೀನು ಕೊಟ್ಟಿಗೇಲಿ ಫೋನ್ ಹಿಡ್ಕೊಂಡು ಕೂತಿದ್ದೆ. ಆಟದ ಬಣ್ಣ ಕಾಣಿಸ್ತು. ಅಪ್ಪನ ಹನ್ನೊಂದನೇ ದಿನವೂ ಆಟವಾ ಅಂತ ಕಿತ್ತುಕೊಂಡು ಕಲ್ಲಿಗೆ ಬಡಿದೆ.

ಅವತ್ತು ನೀನು ಆಟ ಆಡ್ತಿರಲಿಲ್ಲವಂತೆ. ಲಕ್ಕಮ್ಮನ್ನ ಒಂದು ಹೊಳೆ ದಡದಲ್ಲಿ ಕೂರಿಸಿ, "ಇವತ್ತು ನಮ್ಮಪ್ಪನ ಹನ್ನೊಂದನೇ ದಿನ, ಮನೆಗೆ ಯಾರೂ ಬಂದಿಲ್ಲ" ಅಂತ ಬರೆದಿದ್ದೆಯಂತೆ. ಗಿಲ್ಡಿನ ಹತ್ತೊಂಬತ್ತು ಜನ ಕತ್ತಿ ಬಾಣ ಎಲ್ಲ ಕೆಳಗಿಟ್ಟು ಬಂದು ನಿನ್ನ ಸುತ್ತ ಕೂತರಂತೆ. ಅಷ್ಟರಲ್ಲಿ ನೀನು ಇದ್ದಕ್ಕಿದ್ದಂಗೆ ಮಾಯ ಆದೆಯಂತೆ. ತಿರುಗಿ ಬರ್ತಾಳೇನೋ ಅಂತ ಅವರು ಕತ್ತಲಾಗೋವರೆಗೂ ಅಲ್ಲೇ ಕೂತಿದ್ದರಂತೆ.

ಮೂರು ವರ್ಷ ನೀನು ಇದನ್ನ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಮ್ಮ


ದೊಡ್ಡೇರಿ
20-10-2024

ರಕ್ಷಾ,

ಕಾಗದ ಇಲ್ಲ. ನಾಲ್ಕು ಭಾನುವಾರ ಫೋನೂ ಇಲ್ಲ. ಆಫೀಸಿಗೆ ನಾನೇ ಮಾಡಿದೆ, ಹುಡುಗಿ ಆರಾಮಾಗಿದಾಳೆ ಅಂದರು. ಅಷ್ಟು ಸಾಕು. ಸಿಟ್ಟು ಇಳಿಯೋವರೆಗೂ ಬರೀಬೇಡ. ನಾನು ಬರೀತೀನಿ.

ಕಂಪನಿಗೆ ಎರಡು ಅರ್ಜಿ ಹಾಕಿದೆ. ನಾನು ಕನ್ನಡದಲ್ಲಿ ಹೇಳಿದ್ದನ್ನ ಬಸವೇಶ್ ಇಂಗ್ಲೀಷಲ್ಲಿ ಬರೆದ. ತಪ್ಪು ಮಾಡಿದ್ದು ತಾಯಿ, ಶಿಕ್ಷೆ ಮಗಳಿಗೆ ಯಾಕೆ ಅಂತ ಕೇಳಿದೆ. ಎರಡಕ್ಕೂ ಒಂದೇ ಉತ್ತರ, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ. ಓದಿದವರು ಮನುಷ್ಯರಲ್ಲ, ಮೆಷಿನ್ನು ಅಂದ ಬಸವೇಶ್. ಹಂಗಾದರೆ ಮನುಷ್ಯರ ಕೈಗೆ ಸಿಗೋವರೆಗೂ ಬರೆಯೋಣ ಅಂದೆ. ನಾಳೆ ಮೂರನೇದು ಹೋಗುತ್ತೆ.

ಇನ್ನೊಂದು. ನನ್ನ ನಂಬರಲ್ಲೇ ನಾನೊಂದು ಪಾತ್ರ ಮಾಡ್ಕೊಂಡೆ. ಲಕ್ಷ್ಮಿ, ದೇವಿ, ಅಮ್ಮ, ಯಾವ ಹೆಸರು ಕೊಟ್ಟರೂ ಆಗಲೇ ಯಾರೋ ಇಟ್ಕೊಂಡಿದಾರೆ ಅನ್ನುತ್ತೆ. ಕೊನೆಗೆ 'ದೊಡ್ಡೇರಿ ಸೌಟು' ಅಂತ ಕೊಟ್ಟೆ. ತಕ್ಷಣ ಒಪ್ಕೊಳ್ತು.

ಒಂದನೇ ಲೆವೆಲ್. ಮೈ ಮೇಲೆ ಗೋಣಿಚೀಲದ ಅಂಗಿ. ಎಪ್ಪತ್ತೊಂದರಲ್ಲಿ ಓಡಾಡಿದವಳಿಗೆ ಕಾಡು ಕೋಳಿ ಕುಕ್ಕಿದರೂ ಸಾವು. ಒಂದು ಸಾಮಾನಿಗೆ ನೂರು ಕಲ್ಲು ಒಡಿ, ಇನ್ನೊಂದಕ್ಕೆ ಇನ್ನೂರು ಒಡಿ. ದುಡ್ಡು ಕೊಟ್ಟರೆ ಬೇಗ ಆಗುತ್ತೆ ಅಂತ ದಿನಕ್ಕೆ ಹತ್ತು ಸಲ ಆಸೆ ತೋರಿಸ್ತಾರೆ. ಕೊಡಲ್ಲ. ಕಲ್ಲೇ ಒಡೀತೀನಿ.

ಅಮ್ಮ


ದೊಡ್ಡೇರಿ
10-11-2024

ರಕ್ಷಾ,

ಮೂರನೇ ಅರ್ಜಿಗೂ ಅದೇ ಉತ್ತರ. ನಾಲ್ಕನೇದು ಹಾಕಿದೆ.

ದೊಡ್ಡೇರಿ ಸೌಟಿಗೆ ಹತ್ತೊಂಬತ್ತನೇ ಲೆವೆಲ್.

ಚಳಿ ಶುರುವಾಗಿದೆ. ಸ್ವೆಟರ್ ಪಾರ್ಸೆಲ್ ಮಾಡಿದೀನಿ. ಸಿಟ್ಟಿಗೆ ಹಾಕ್ಕೊಳ್ಳದೆ ಇರಬೇಡ.

ಅಮ್ಮ


ತರಬೇತಿ ಶಾಲೆ
24 ನವೆಂಬರ್ 2024

ಅಮ್ಮ,

ಸ್ವೆಟರ್ ಹಾಕ್ಕೊಂಡೇ ಬರೀತಿದೀನಿ.

ಸೆಪ್ಟೆಂಬರಿನ ಆ ಕಾಗದ ಓದಿದ ದಿನ ನಿನ್ನ ಮೇಲೆ ಬಂದ ಸಿಟ್ಟು ಎಂಥದು ಅಂತ ಬರೆಯೋಕಾಗಲ್ಲ. ಫೋನ್ ಮಾಡಿದ್ದರೆ ಏನಾದರೂ ಅಂದುಬಿಡ್ತಿದ್ದೆ, ಅದಕ್ಕೇ ಮಾಡಲಿಲ್ಲ. ಡಿಗ್ರೀಲಿ ಎರಡು ಸಲ ಫೇಲ್ ಆದೆ. ನೋಡೋಕೆ ಬಂದ ಗಂಡು ಬೇಡ ಅಂತ ಹೋದ. ಊರಲ್ಲಿ ಎಲ್ಲರಿಗೂ ನಾನು ಯಾವುದಕ್ಕೂ ಬಾರದವಳು. ಯಾರೂ ಕೊಡದೆ, ಯಾರೂ ಹೇಳಿಕೊಡದೆ ನಾನು ಕಟ್ಟಿದ್ದು ಅದೊಂದೇ. ಅದನ್ನ ಎರಡನೇ ಸಲ ನೀನೇ ಮುರಿದೆ ಅನ್ನಿಸ್ತು.

ಆ ಸಿಟ್ಟಲ್ಲೇ ದಿನಾ ಸಾಯಂಕಾಲ ಒಬ್ಬಳೇ ಗೋಡೆ ಹತ್ರ ಹೋದೆ. ಮೊಣಕೈ ಚರ್ಮ ಹೋಯ್ತು. ನವೆಂಬರ್ ಐದಕ್ಕೆ ಹತ್ತಿದೆ. ಮೇಲೆ ಕೂತೆ, ಆಚೆ ಹಾರಲಿಲ್ಲ, ಸುಮ್ಮನೆ ಕೂತಿದ್ದೆ. ಮೇಡಂ ದೂರದಿಂದ ನೋಡಿ, "ಅಲ್ಲೇ ಮನೆ ಮಾಡ್ತೀಯಾ?" ಅಂದರು. ನಗ್ತಾ ಇದ್ದರು.

ಆಮೇಲೆ ನಿನ್ನ ಕಾಗದಗಳನ್ನ ಮತ್ತೆ ಓದಿದೆ. ಆಟ ಶುರು ಮಾಡಿದ ಮೊದಲನೇ ತಿಂಗಳು ನಾನು ಒಂದು ಸಲ ಮೈಕ್ ಹಾಕಿದ್ದೆ. ಹುಡುಗಿ ದನಿ ಕೇಳಿದ ತಕ್ಷಣ ಯಾರು ಯಾರೋ ಏನೇನೋ ಕೇಳಿದರು, ಹೋದ ಕಡೆಯೆಲ್ಲ ಹಿಂದೆ ಬಂದರು. ನಾಲ್ಕು ವರ್ಷ ಮತ್ತೆ ಬಾಯಿ ಬಿಡಲಿಲ್ಲ. ನಿನಗೂ ಹಂಗಾಗಬಾರದು ಅಂತಲೇ ಬೇಡ ಅಂದಿದ್ದು. ನೀನು ಒತ್ತಿದೆ, ಎಲ್ಲರೂ ನೀನು ಹೇಳಿದ ಕಡೆ ನಿಂತರು. ನಾನು ಅಲ್ಲಿದ್ದಿದ್ದರೆ ಒತ್ತುತ್ತಿರಲಿಲ್ಲ. ಬಸವೇಶಣ್ಣ ಸಾಯ್ತಿದ್ದ, ನಾವು ಸೋಲ್ತಿದ್ದೆವು.

ಹೊಳೆ ದಡದ ವಿಷಯ ಭುವನಕ್ಕ ಹೇಳಬಾರದಿತ್ತು. ಹೇಳಿದ್ದು ಒಳ್ಳೇದೇ ಆಯ್ತು. ಅವತ್ತು ನಿನಗೂ ಯಾರೂ ಇರಲಿಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ ಅಮ್ಮ. ನನ್ನ ಜೊತೆ ಹತ್ತೊಂಬತ್ತು ಜನ ಇದ್ದರು.

ಇನ್ನು ಅರ್ಜಿ ಹಾಕಬೇಡ. ಲಕ್ಕಮ್ಮ ಹೋಗಲಿ ಬಿಡು.

ರಕ್ಷಾ


ದೊಡ್ಡೇರಿ
5-1-2025

ರಕ್ಷಾ,

ನಿನ್ನ ಕಾಗದ ಸೆರಗಲ್ಲಿ ಕಟ್ಕೊಂಡು ಒಂದು ವಾರ ಓಡಾಡಿದೆ.

ಫೋನ್ ಒಡೆದಿದ್ದು ತಪ್ಪು. ಹನ್ನೊಂದನೇ ದಿನ ಮಗಳ ಪಕ್ಕ ಕೂರಬೇಕಾಗಿದ್ದವಳು ನಾನು. ಕೂರಲಿಲ್ಲ. ಕೂತಿದ್ದರೆ ನಾನೂ ಅಳ್ತಿದ್ದೆ, ಅಡುಗೆಮನೆ ಕೆಲಸ ನಿಂತುಹೋಗ್ತಿತ್ತು ಅನ್ನೋ ಭಯ. ಯಾರಿಗೆ ಅಡುಗೆ ಮಾಡ್ತಿದ್ದೆ, ಇದ್ದಿದ್ದು ಇಬ್ಬರೇ. ಈಗ ಬರೆದೆ ನೋಡು. ಮೂರೂವರೆ ವರ್ಷ ಹಿಡೀತು.

ನಾಲ್ಕನೇ ಅರ್ಜಿಗೆ ಮನುಷ್ಯರೊಬ್ಬರು ಸಿಕ್ಕರು. ನಿಮ್ಮ ಮಾತು ಅರ್ಥ ಆಗುತ್ತೆ, ಆದರೂ ನಿಯಮ ನಿಯಮವೇ ಅಂತ ಬರೆದರು. ಇಲ್ಲ ಅನ್ನೋದಾದರೂ ಮನುಷ್ಯರ ಬಾಯಲ್ಲಿ ಬಂತಲ್ಲ. ಅಲ್ಲಿಗೆ ನಿಲ್ಲಿಸಿದೆ.

ದೊಡ್ಡೇರಿ ಸೌಟಿಗೆ ನಲವತ್ತೊಂದನೇ ಲೆವೆಲ್. ಏಳನೇ ಬಾಗಿಲಿಗೆ ನಲವತ್ತು ಆಗಿದ್ದರೆ ಬಿಡ್ತಾರೆ. ಬಸವೇಶ್ ಬೇಡ ಅಂದ, "ಇನ್ನೂ ಇಪ್ಪತ್ತು ಲೆವೆಲ್ ಆಗಲಿ ಅಮ್ಮ, ಆ ರಾಕ್ಷಸನ ಒಂದು ಏಟಿಗೆ ನೀವು ಇರಲ್ಲ." "ಏಟು ತಿನ್ನೋಕೆ ನೀನಿದೀಯಲ್ಲಪ್ಪ" ಅಂದೆ. ಇವತ್ತು ಹೋದೆವು. ಎರಡು ನಿಮಿಷ ನಿಂತೆವು, ಸತ್ತೆವು. ಮತ್ತೆ ಹೋದೆವು, ಮೂರು ನಿಮಿಷ. ಮುಂದಿನ ಭಾನುವಾರ ನಾಲ್ಕು ನಿಲ್ತೀವಿ.

ಕಣ್ಣು ಉರಿಯುತ್ತೆ, ಹೆಬ್ಬೆರಳು ಹಿಡ್ಕೊಳ್ಳುತ್ತೆ. ದಿನಕ್ಕೆ ಒಂದು ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ ಅಂತ ನನಗೆ ನಾನೇ ಹಾಕ್ಕೊಂಡಿದೀನಿ. ಒಂದು ದಿನ ಹಾಲು ಉಕ್ಕಿಸಿದೆ. ನಿನಗೆ ಎಷ್ಟು ಬೈದಿದ್ದೆ ಅಂತ ಅವತ್ತು ನೆನಪಾಯ್ತು.

ಅಮ್ಮ


ತರಬೇತಿ ಶಾಲೆ
16 ಫೆಬ್ರವರಿ 2025

ಅಮ್ಮ,

ಪರೀಕ್ಷೆ ಎಲ್ಲ ಮುಗೀತು. ಪಾಸ್ ಆದೆ. ಓಟದಲ್ಲಿ ಮೂರನೆಯವಳು, ಕಾನೂನಿನಲ್ಲಿ ಹದಿನಾಲ್ಕನೆಯವಳು. ಮಾರ್ಚ್ ಒಂಬತ್ತಕ್ಕೆ ಪರೇಡ್, ಬೆಳಿಗ್ಗೆ ಎಂಟಕ್ಕೆ. ನೀನು ಬರಬೇಕು. ಕೆಲಸ ಪಾವಗಡದ ಸ್ಟೇಷನ್ನಿಗೆ ಹಾಕಿದಾರೆ. ತೆಲುಗು ಸರಿಯಾಗಿ ಕಲಿಸಿಕೊಡು.

ಇನ್ನು ಎರಡನೇ ವಿಷಯ. ಇದನ್ನ ಅರ್ಜಿ ಅಂತಲೇ ತಿಳ್ಕೋ.

ಫೋನ್ ಕೈಗೆ ಬಂದ ಮೇಲೆ ನಾನು ಒಂದನೇ ಲೆವೆಲ್ಲಿಂದ ಶುರು ಮಾಡಬೇಕು ಅಂತಿದೀನಿ. ಹೊಸ ಹೆಸರು, ಹೊಸ ಪಾತ್ರ. ಮೈಕ್ ಹಾಕ್ಕೊಂಡೇ ಆಡ್ತೀನಿ. ಹೀಲರ್ ಆಗಲ್ಲ, ಅದು ನಿನ್ನ ಜಾಗ. ಮುಂದೆ ನಿಂತು ಏಟು ತಿನ್ನೋಳು ಆಗ್ತೀನಿ, ಬಸವೇಶಣ್ಣನ ಪಕ್ಕ. ನನ್ನನ್ನ ನಿಮ್ಮ ಗಿಲ್ಡಿಗೆ ಸೇರಿಸಿಕೊಳ್ಳಬೇಕಾಗಿ ಕೇಳ್ಕೋತೀನಿ. ನಾಲ್ಕು ವರ್ಷದ ಅನುಭವ ಇದೆ, ಆದರೆ ತೋರಿಸೋಕೆ ಏನೂ ಉಳಿದಿಲ್ಲ.

ರಕ್ಷಾ


ದೊಡ್ಡೇರಿ
23-2-2025

ರಕ್ಷಾ,

ಪಾಸಾಗಿದ್ದು ಓದಿದ ಮೇಲೆ ಕಾಗದ ಹಿಡ್ಕೊಂಡು ಸ್ಕೂಲಿಗೆ ಹೋದೆ. ಸಿದ್ದಗಂಗಮ್ಮ ಅವತ್ತಿನ ಪಾಯಸಕ್ಕೆ ಮನೆಯಿಂದ ದ್ರಾಕ್ಷಿ ಗೋಡಂಬಿ ತಂದು ಹಾಕಿದಳು. ಪರ್ವತಯ್ಯ ಮೇಷ್ಟ್ರು ಪ್ರಾರ್ಥನೆ ಸಾಲಲ್ಲಿ ನಿನ್ನ ಹೆಸರು ಹೇಳಿದರು. ನೂರ ನಲವತ್ತು ಮಕ್ಕಳೂ ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋಗಿ ಅಕ್ಕಿ ಆರಿಸ್ತಾ ಕೂತೆ.

ಒಂಬತ್ತಕ್ಕೆ ಬರ್ತೀನಿ. ಒಬ್ಬಳೇ ಅಲ್ಲ. ಭುವನಾ, ಬಸವೇಶ್ ಇಬ್ಬರೂ ಬರ್ತಾರಂತೆ. ಐದು ವರ್ಷದಿಂದ ಜೊತೇಲಿ ಹೊಡೆದಾಡಿದವರು, ಒಬ್ಬರ ಮುಖ ಒಬ್ಬರು ನೋಡಿಲ್ಲ. ಹಿಂದಿನ ದಿನವೇ ಮಧುಗಿರಿ ಬಸ್‌ಸ್ಟ್ಯಾಂಡಲ್ಲಿ ಸೇರ್ತೀವಿ. ಬಸವೇಶ್ ಆಟದಲ್ಲಿ ಏಳಡಿ ಇದಾನೆ, ನಿಜವಾಗಲೂ ಎಷ್ಟಿದಾನೋ ನೋಡೋಣ.

ನಿನ್ನ ಅರ್ಜಿ ಗಿಲ್ಡಿನವರ ಮುಂದೆ ಓದಿದೆ. ಮೈಕಲ್ಲೇ ಓದಿದೆ. ಯಾರೂ ಬೇಡ ಅನ್ನಲಿಲ್ಲ. ಆದರೆ ಮಗಳು ಅಂತ ರಿಯಾಯಿತಿ ಇಲ್ಲ. ಕಲ್ಲು ನೀನೇ ಒಡೀಬೇಕು, ಕೋಳಿ ಕೈಲಿ ಕುಕ್ಕಿಸ್ಕೋಬೇಕು. ನಲವತ್ತನೇ ಲೆವೆಲ್ ಆಗೋವರೆಗೂ ಏಳನೇ ಬಾಗಿಲಿಗೆ ನಿನ್ನನ್ನ ಬಿಡಲ್ಲ.

ಒಂದು ಮಾತು ಇಷ್ಟು ದಿನ ಬರೆದಿರಲಿಲ್ಲ. ಏಳನೇ ಬಾಗಿಲು ಎಂಟು ಜನರದು. ಜನವರಿಯಿಂದ ಒಂಬತ್ತು ಸಲ ಹೋಗಿದೀವಿ, ಒಂಬತ್ತು ಸಲವೂ ಸೋತಿದೀವಿ. ಪ್ರತಿ ಸಲವೂ ಏಳೇ ಜನ ಹೋಗೋದು. ಎಂಟನೆಯವರನ್ನ ಹಾಕ್ಕೊಳ್ಳೋಣ, ಕೇಳಿಕೊಂಡು ಎಷ್ಟೋ ಜನ ಬರ್ತಾರೆ ಅಂತ ಬಸವೇಶ್ ಮೊದಲೊಂದು ಸಲ ಅಂದ. ಬೇಡ ಅಂದೆ. ಯಾಕೆ ಅಂತ ಅವನು ಕೇಳಲಿಲ್ಲ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ನೀನು ಎಷ್ಟು ತಿಂಗಳು ತಗೋತೀಯೋ ತಗೋ. ಅಲ್ಲಿವರೆಗೂ ಭಾನುವಾರ ಭಾನುವಾರ ಏಳು ಜನ ಹೋಗಿ ಸೋತು ಬರ್ತೀವಿ.

ಅಮ್ಮ